ಕಿಟಕಿ ಪಕ್ಕದ ಹಾಸಿಗೆ

ಮಂಡ್ಯದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ತಿರುಗುವ ಒಂದು ರಸ್ತೆಯ ಮೂಲೆಗೆ ಆ ಡಯಾಲಿಸಿಸ್ ಕೇಂದ್ರವಿತ್ತು. ಅಲ್ಲಿ ಹಾಸಿಗೆಗಳು ಐದು, ಕಿಟಕಿ ಒಂದೇ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಬಂದು ಮಲಗಿದರೆ ಹನ್ನೊಂದರವರೆಗೆ ಏಳುವಂತಿಲ್ಲ. ತೋಳಿಗೆ ಎರಡು ಸೂಜಿ, ತಲೆಯ ಪಕ್ಕದಲ್ಲಿ ರಕ್ತ ತೊಳೆಯುವ ಯಂತ್ರದ ಗುರುಗುರು. ಹಾಗೆ ನಾಲ್ಕು ಗಂಟೆ ಕಳೆಯಬೇಕಾದವರಿಗೆ ಕಿಟಕಿ ಎಂದರೆ ಏನೆಂದು ಗೊತ್ತು. ನಾವಾದರೋ ಅದನ್ನು ತೆರೆದಿಟ್ಟು ಮರೆತುಬಿಡುತ್ತೇವೆ.

ಆ ಕಿಟಕಿ ಪಕ್ಕದ ಹಾಸಿಗೆ ಎರಡು ವರ್ಷದಿಂದ ಜಲಜಾಕ್ಷಿಯದಾಗಿತ್ತು. ಅದು ವಯಸ್ಸಿಗೆ ಕೊಟ್ಟ ಮರ್ಯಾದೆಯಲ್ಲ. ಬೆಳಗಿನ ಸರದಿಯ ಐದು ಜನ ತಾವೇ ಒಂದು ಕಾಯ್ದೆ ಮಾಡಿಕೊಂಡಿದ್ದರು. ಒಬ್ಬರು ಒಂದು ಧಾರಾವಾಹಿಯನ್ನು ಶಿಫಾರಸು ಮಾಡಬೇಕು, ಎಲ್ಲರೂ ಗೋಡೆಯ ದೊಡ್ಡ ಪರದೆಯಲ್ಲಿ ಅದನ್ನೇ ನೋಡಬೇಕು. ಚೆನ್ನಾಗಿದ್ದರೆ ಸರಿ. ನೋಡಿದವರು ಛೀ ಥೂ ಎಂದರೆ ಶಿಫಾರಸು ಮಾಡಿದವರು ಹಾಸಿಗೆ ಬಿಟ್ಟು, ಅತಿ ಹೆಚ್ಚು ಬೈದವರಿಗೆ ಒಂದು ವಾರ ಕಿಟಕಿ ಕೊಡಬೇಕು. ಅವಳಿಗೆ ಮೊದಲು ಮರಿಸಿದ್ದಯ್ಯ ಮೇಷ್ಟ್ರು ಒಂದು ಪ್ರೇಮಕಥೆ ಹೇಳಿ ಕಿಟಕಿ ಕಳೆದುಕೊಂಡಿದ್ದರು. ಕೆಂಪಾಜಮ್ಮ ಒಂದು ಕೊಲೆಯ ಕಥೆ ಹೇಳಿ ಕಳೆದುಕೊಂಡಿದ್ದಳು. ಜಲಜಾಕ್ಷಿಯ ಶಿಫಾರಸು ಮಾತ್ರ ಒಂದು ಸಲವೂ ಹುಸಿಯಾಗಿರಲಿಲ್ಲ.

ಆಗುವುದಾದರೂ ಹೇಗೆ? ಹದಿನಾರು ವರ್ಷ ಗುತ್ತಲು ರಸ್ತೆಯಲ್ಲಿ ಸಿ.ಡಿ. ಅಂಗಡಿ ಇಟ್ಟಿದ್ದ ಹೆಂಗಸು ಅವಳು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಇವತ್ತು ಇವನಿಗೆ ನಗುವ ಕಥೆ ಬೇಕೋ ಅಳುವ ಕಥೆ ಬೇಕೋ ಎಂದು ಹೇಳಬಲ್ಲವಳು. ವ್ಯಾಪಾರದ ಮೊದಲ ವರ್ಷ ಕಣ್ಣು ಮುಚ್ಚಿ ಖರೀದಿಸಿದ್ದ ಸರಕಿನಿಂದ ಬೈಗುಳ ತಿಂದ ಮೇಲೆ, ತಾನು ಪೂರ್ತಿ ನೋಡದ ಯಾವುದನ್ನೂ ಯಾರ ಕೈಗೂ ಕೊಟ್ಟವಳಲ್ಲ. ಕಾಲ ಬದಲಾಗಿ ಅಂಗಡಿ ಮುಚ್ಚಿತು. ಮೂತ್ರಪಿಂಡ ಕೈಕೊಟ್ಟು ಈ ವಾರ್ಡಿಗೆ ಬಂದಾಗ ಹಳೆಯ ಕಸುಬು ಮತ್ತೆ ಕೆಲಸಕ್ಕೆ ಬಂತು.

ಚೆಲುವರಾಜುವನ್ನು ಉಳಿಸಿಕೊಂಡದ್ದೇ ಆ ಕಸುಬಿನಿಂದ. ಮದ್ದೂರು ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ ಇಟ್ಟುಕೊಂಡಿದ್ದ ನಲವತ್ತರ ಆಳು ಅವನು. ಒಂದೂವರೆ ವರ್ಷದ ಹಿಂದೆ ಮೊದಲ ದಿನ ಸೂಜಿ ಚುಚ್ಚಿಸಿಕೊಂಡು, "ವಾರಕ್ ಮೂರ್ ದಿನ ಇಂಗೇ ಸಾಯೋ ಗಂಟ ಅಂದ್ರೆ ನನ್ ಕೈಲಾಗಕ್ಕಿಲ್ಲ. ನಾಳಿದ್ದಿಂದ ನಾ ಬರಾಕಿಲ್ಲ ಕನಕ್ಕ" ಎಂದು ಮುಖ ತಿರುಗಿಸಿದ್ದ. ಬರದಿದ್ದರೆ ಏನಾಗುತ್ತದೆಂದು ಅಲ್ಲಿ ಮಲಗಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ, ಹೀಗೇ ಬಿಟ್ಟರೆ ಎರಡು ಮೂರು ವಾರದಲ್ಲಿ ಮನುಷ್ಯನೇ ಇರುವುದಿಲ್ಲ. ಜಲಜಾಕ್ಷಿ ಬುದ್ಧಿವಾದಕ್ಕೆ ಹೋಗಲಿಲ್ಲ. 'ಹೆದ್ದಾರಿ ಹೋಟೆಲ್' ಎಂಬ ನಲವತ್ತೆಂಟು ಕಂತಿನ ಧಾರಾವಾಹಿಯನ್ನು ಹಾಕಿಸಿ, ಎರಡನೆಯ ಕಂತು ಮುಗಿಯುತ್ತಿದ್ದಂತೆ, "ಆ ಬೀಗದ ಕೈ ತಗೊಂಡೋರು ಯಾರು ಅಂತೀಯಾ?" ಎಂದು ಕೇಳಿದಳು, ಅಷ್ಟೆ. ಗುರುವಾರ ಅವನು ಏಳಕ್ಕೆ ಹತ್ತು ನಿಮಿಷ ಮೊದಲೇ ಬಂದ. "ಆ ಸಪ್ಲಯರ್ರೇ ಕನಕ್ಕ, ಬೇರೆ ಯಾರೂ ಅಲ್ಲ" ಎನ್ನುತ್ತಲೇ ತೋಳು ಚಾಚಿದ. ಬೀಗದ ಕೈ ತೆಗೆದದ್ದು ಸಪ್ಲಯರ್ ಅಲ್ಲವೆಂದು ಗೊತ್ತಾಗುವ ಹೊತ್ತಿಗೆ ಅವನಿಗೆ ವಾರ್ಡು ಅಭ್ಯಾಸವಾಗಿತ್ತು.

ಹೀಗಿರುವಾಗ 'ಮನೋಧಾರೆ' ಬಂತು.

ಅದನ್ನು ತಂದವರು ಇಂದುಧರ ಎಂಬ ಎಂಜಿನಿಯರು. ಒಳ್ಳೆಯ ಮನುಷ್ಯ. ಮಾತಾಡುವಾಗ ಕನ್ನಡಕ ತೆಗೆದು ಒರೆಸಿಕೊಳ್ಳುವ ಅಭ್ಯಾಸ. ಹಾಸಿಗೆಗೊಂದರಂತೆ ಐದು ಪುಟ್ಟ ಪರದೆ ಹಾಕಿಸಿ ವಿವರಿಸಿದರು. "ಇದರಲ್ಲಿ ಮೊದಲೇ ತಯಾರಾದ ಧಾರಾವಾಹಿ ಅಂತ ಯಾವುದೂ ಇಲ್ಲ. ನೀವು ನೋಡ್ತಾ ಇರೋವಾಗಲೇ ಯಂತ್ರ ಕಥೆ ಕಟ್ಟುತ್ತೆ. ನಿಮ್ಮ ಕಣ್ಣು ಎಲ್ಲಿ ನಿಲ್ಲುತ್ತೆ, ನಾಡಿ ಎಲ್ಲಿ ಏರುತ್ತೆ, ಎಲ್ಲಿ ಬೇಜಾರಾಗುತ್ತೆ, ಎಲ್ಲಾ ಅಳೆಯುತ್ತೆ. ಅದರ ಪ್ರಕಾರ ಪಾತ್ರ, ಮಾತು, ಮುಖ ಎಲ್ಲವನ್ನೂ ಬದಲಾಯಿಸಿಕೊಂಡು ಹೋಗುತ್ತೆ. ನಿಮ್ಮ ಕಥೆ ಇನ್ನೊಬ್ಬರಿಗೆ ಕಾಣಲ್ಲ, ಇನ್ನೊಬ್ಬರದು ನಿಮಗೆ ಕಾಣಲ್ಲ."

"ಅಂದ್ರೆ ಕೆಟ್ಟ ಧಾರಾವಾಹಿ ಅಂತಾನೇ ಇರಲ್ವಾ?" ಎಂದರು ಮೇಷ್ಟ್ರು.

"ಇರೋಕೆ ಸಾಧ್ಯವೇ ಇಲ್ಲ ಸಾರ್."

ಡಯಾಲಿಸಿಸ್ ಆಗುವಾಗ ರಕ್ತದೊತ್ತಡ ಏಕಾಏಕಿ ಏರುವುದೂ ಬೀಳುವುದೂ ಅಪಾಯ. ಹಾಗಾಗಿ ಈ ಕೇಂದ್ರದ ಯಂತ್ರಕ್ಕೆ ವಿಶೇಷವಾಗಿ ಮೂರು ಸೂಚನೆ ಕೊಡಲಾಗಿತ್ತು. ನೋಡುವವರ ಕಣ್ಣು ಪರದೆ ಬಿಡಬಾರದು, ಒತ್ತಡ ಏರುಪೇರಾಗಬಾರದು, ನಾಲ್ಕು ಗಂಟೆ ಮುಗಿಯುವಾಗ ಮನಸ್ಸಿನಲ್ಲಿ ಯಾವ ಆಸೆಯೂ ಬಾಕಿ ಉಳಿಯಬಾರದು. ಪಕ್ಕದ ಕೋಣೆಯ ಫಲಕದಲ್ಲಿ ಪ್ರತಿಯೊಬ್ಬರ ನೆಮ್ಮದಿಗೂ ನೂರಕ್ಕೆ ಇಷ್ಟು ಎಂಬ ಅಂಕ ಬೀಳುತ್ತಿತ್ತು. ಟೆಕ್ನಿಷಿಯನ್ ನಸ್ರೀನ್ ಅದನ್ನು ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದಳು.

ಜಲಜಾಕ್ಷಿಯ ಪರದೆಯಲ್ಲಿ ಮೊದಲ ದಿನವೇ ಗುತ್ತಲು ರಸ್ತೆಯಂಥದೇ ಒಂದು ರಸ್ತೆ ಬಂತು, ಅದರಲ್ಲಿ ಒಂದು ಅಂಗಡಿ, ಆ ಅಂಗಡಿಗೆ ಬರುವ ನೂರೆಂಟು ಜನ. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಎರಡು ವಾರ ಕಳೆದ ಮೇಲೆ ಇಂದುಧರ, "ನೀವೇ ಈ ವಾರ್ಡಿನ ವಿಮರ್ಶಕರಂತೆ. ಹೇಗಿದೆ?" ಎಂದು ಕೇಳಿದಾಗ ಹಿಂದೆ ಮುಂದೆ ನೋಡದೆ, "ನೂರಕ್ಕೆ ನೂರು" ಎಂದುಬಿಟ್ಟಳು.

ಆಗ ಚೆಲುವರಾಜು ಒಬ್ಬನೇ ಇನ್ನೂ ಗೋಡೆಯ ಹಳೆಯ ಪರದೆ ನೋಡುತ್ತಿದ್ದ. "ನಂಗೆ ಎಲ್ರ್ ಜೊತೇಲಿ ನೋಡೋದೇ ಸರಿ ಕನಕ್ಕ. ಒಬ್ನೇ ನಕ್ರೆ ಉಚ್ಚ ಅಂತಾರೆ" ಎಂದು ತಲೆಯಾಡಿಸಿದ.

"ನಾನು ಹೇಳಿದ್ದು ಯಾವತ್ತಾದ್ರೂ ಸುಳ್ಳಾಗಿದೆಯೇನೋ? ಇದು ನನ್ನ ಶಿಫಾರಸು. ನೋಡು" ಎಂದಳು ಜಲಜಾಕ್ಷಿ.

ಅವನು ನೋಡಿದ. ಅವಳ ಮಾತಿಗಾಗಿಯೇ ನೋಡಿದ. ತಾನು ನೋಡದ ಕಥೆಯೊಂದನ್ನು ಅವನ ಕೈಗೆ ಕೊಟ್ಟೆನೆಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ. ತನ್ನ ಪರದೆಯಲ್ಲಿ ಕಂಡದ್ದಕ್ಕೆ ಅಂಕ ಕೊಟ್ಟು, ಅವನ ಪರದೆಗೂ ತಾನೇ ಜಾಮೀನು ನಿಂತಿದ್ದಳು.

ವಾರ್ಡು ನಿಧಾನವಾಗಿ ಮೌನವಾಯಿತು. ಯಾರಿಗೂ ದುಃಖವಿರಲಿಲ್ಲ, ಅದೇ ವಿಚಿತ್ರ. ಮೇಷ್ಟ್ರು ತಮ್ಮಷ್ಟಕ್ಕೆ ಕಣ್ಣೊರೆಸಿಕೊಳ್ಳುವರು, ಕೆಂಪಾಜಮ್ಮ ತನ್ನಷ್ಟಕ್ಕೆ ಬೆಚ್ಚುವಳು. ಹನ್ನೊಂದಕ್ಕೆ ಎಲ್ಲರೂ ತೃಪ್ತಿಯಿಂದ ಎದ್ದು ಹೋಗುವರು. "ಏನಾಯ್ತು ನಿಮ್ಮದ್ರಲ್ಲಿ?" ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸುವರು. ಆ ಕಥೆಯ ಊರೇ ಕೇಳುವವರಿಗೆ ಗೊತ್ತಿಲ್ಲ. ಜಗಳಕ್ಕೂ ಜಾಗವಿಲ್ಲ. ಕಿಟಕಿಯ ಕಾಯ್ದೆ ಹೇಳಹೆಸರಿಲ್ಲದಂತಾಯಿತು, ಕಿಟಕಿ ಜಲಜಾಕ್ಷಿಯ ಹೆಸರಿಗೇ ಉಳಿಯಿತು.

ಮನೆಯಲ್ಲೂ ಅದೇ ಕಥೆ. ತಂಗಿ ಅಂಬುಜಾಕ್ಷಿ ಮನೆಗೊಂದು ಮನೋಧಾರೆ ಹಾಕಿಸಿಕೊಂಡಿದ್ದಳು. ಗಂಡ ಸತ್ತ ಮೇಲೆ ಅಕ್ಕನ ಜೊತೆ ಬಂದಿದ್ದವಳು ಅವಳು. ಊಟದ ಹೊತ್ತಿಗೆ ಇಬ್ಬರೂ ಒಂದೇ ಧಾರಾವಾಹಿ ನೋಡಿ, ಅತ್ತೆ ಸರಿಯೋ ಸೊಸೆ ಸರಿಯೋ ಎಂದು ಸಾರು ಆರುವವರೆಗೆ ಕಿತ್ತಾಡುತ್ತಿದ್ದ ಮನೆ. ಈಗ ಅಂಬುಜಾಕ್ಷಿ ತಟ್ಟೆ ಹಿಡಿದು ತನ್ನ ಪರದೆಯ ಮುಂದೆ ಕೂತು ಕಿಸಕ್ಕನೆ ನಗುತ್ತಿದ್ದಳು.

"ಏನೇ ಅದು?"

"ನಿಂಗೆ ಗೊತ್ತಾಗಲ್ಲ ಬಿಡಕ್ಕ. ಮೊದಲಿಂದ ಹೇಳ್ಬೇಕು."

"ಹೇಳು, ಕೇಳ್ತೀನಿ."

"ಆಮೇಲೆ" ಎಂದಳು ಅಂಬುಜಾಕ್ಷಿ. ಆ ಆಮೇಲೆ ಬರಲಿಲ್ಲ. ಮೊದಲ ಬಾರಿಗೆ ಜಲಜಾಕ್ಷಿ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು.

ಒಂದು ಮಂಗಳವಾರ ಚೆಲುವರಾಜು ಎರಡೇ ಗಂಟೆ ಮುಗಿಸಿ, "ಸಾಕು ಸಿಸ್ಟರ್, ಬಿಚ್ಚಿ" ಎಂದ. ನಸ್ರೀನ್ ಎಷ್ಟು ಹೇಳಿದರೂ ಕೇಳಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿರಲಿಲ್ಲ. ಎಲ್ಲರ ಹಾಸಿಗೆಯ ಹತ್ತಿರವೂ ಬಂದು ಒಂದು ಕ್ಷಣ ನಿಂತು ಹೋದ. ಪರದೆಯಲ್ಲಿ ಮುಳುಗಿದ್ದ ಯಾರೂ ತಲೆಯೆತ್ತಲಿಲ್ಲ. ಜಲಜಾಕ್ಷಿಯೂ ಎತ್ತಲಿಲ್ಲ. ಗುರುವಾರ ಅವನ ಹಾಸಿಗೆ ಖಾಲಿಯಿತ್ತು.

ಸೂಜಿ ಬಿಚ್ಚಿಸಿಕೊಂಡ ಕೂಡಲೇ ಅವಳು ಫೋನು ಮಾಡಿದಳು.

"ನಾ ಇನ್ ಬರಾಕಿಲ್ಲ ಅಕ್ಕ" ಎಂದ ಚೆಲುವರಾಜು, ಸಂತೆಗೆ ಬರುವುದಿಲ್ಲ ಎನ್ನುವಷ್ಟು ಸಲೀಸಾಗಿ. "ಬೇಜಾರ್ ಮಾಡ್ಕೋಬ್ಯಾಡಿ. ಎಲ್ರೂ ಚೆಂದಾಗಿರ್ತಾರೆ. ನಾನ್ ನೋಡ್ದೆ."

"ಎಲ್ಲಿ ನೋಡ್ದೆ?"

"ಅದ್ರಲ್ಲೇ. ಬೋ ಚೆನ್ನಾಗಿ ಮುಗೀತು ಅಕ್ಕ."

ಜಲಜಾಕ್ಷಿ ಫೋನು ಇಟ್ಟಳು. ತೋಳಿನ ಬ್ಯಾಂಡೇಜನ್ನು ಒತ್ತಿ ಹಿಡಿದುಕೊಂಡೇ ಪಕ್ಕದ ಕೋಣೆಗೆ ನುಗ್ಗಿದಳು. ಫಲಕದ ಮುಂದೆ ಇಂದುಧರ ಕೂತಿದ್ದರು. ಚೆಲುವರಾಜುವಿನ ಅಂಕ ತೋರಿಸಿ ಎಂದಳು. ಅವರು ತೋರಿಸಿದರು. ನೆಮ್ಮದಿ ತೊಂಬತ್ತೇಳು. ಐದು ಜನರಲ್ಲಿ ಅತಿ ಹೆಚ್ಚು.

"ಅವನು ಬರೋದನ್ನೇ ಬಿಟ್ಟಿದಾನೆ" ಎಂದಳು.

ಇಂದುಧರ ಕನ್ನಡಕ ತೆಗೆದರು. "ಅಂಕ ಚೆನ್ನಾಗಿದೆಯಲ್ಲ..."

"ನಿಮ್ಮ ಅಂಕಕ್ಕಿಷ್ಟು ಬೆಂಕಿ ಹಾಕ. ಅವನ ಕಥೇಲಿ ಏನಾಯ್ತು ಅಂತ ತೋರಿಸಿ."

"ಆಗಲ್ಲಮ್ಮ. ಅದು ಅವರೊಬ್ಬರದು. ಚಿತ್ರಗಳನ್ನ ಯಂತ್ರ ಆಗಿಂದಾಗ್ಲೇ ಅಳಿಸುತ್ತೆ. ಯಾರಾದ್ರೂ ನೋಡಬೇಕು ಅಂದ್ರೂ ಉಳಿದಿರಲ್ಲ."

"ಅಂದ್ರೆ ಆ ಮನುಷ್ಯ ಮೂರು ವಾರದಿಂದ ಏನು ನೋಡ್ತಿದ್ದ ಅಂತ ಈ ಭೂಮಿ ಮೇಲೆ ಅವನೊಬ್ಬನಿಗೇ ಗೊತ್ತು."

ಇಂದುಧರ ಫಲಕದ ಕಡೆ ತಿರುಗಿದರು. ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ಯಂತ್ರ ಅವನ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡಿರಬೇಕು. ದಣಿದ ಮನುಷ್ಯನ ಕಣ್ಣು ಬಿಡುಗಡೆಯ ಮೇಲೆ ನಿಂತಿರಬೇಕು. ಆಸೆ ಬಾಕಿ ಉಳಿಸಬೇಡವೆಂದು ಸೂಚನೆಯಿತ್ತು, ಉಳಿಸಲಿಲ್ಲ. ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಮಾಡಿತ್ತು. "ಮೂರು ಸೂಚನೆ ಬರೆದೋನು ನಾನೇ" ಎಂದರು ಮೆಲ್ಲಗೆ. ಅವರ ಮುಖ ನೋಡಿ ಜಲಜಾಕ್ಷಿಗೆ ಬೈಯಲು ಮನಸ್ಸಾಗಲಿಲ್ಲ. ನೂರಕ್ಕೆ ನೂರು ಕೊಟ್ಟವಳು ತಾನೇ ಅಲ್ಲವೇ?

ಶುಕ್ರವಾರ ಬೆಳಿಗ್ಗೆ ಅವಳು ಆಟೋ ಹಿಡಿದು ಮದ್ದೂರು ರಸ್ತೆಗೆ ಹೋದಳು. ಶೆಡ್ಡಿನ ಹಿಂದೆಯೇ ಮನೆ. ಮಗಳು ಹಂಸ ಶಾಲೆಗೆ ಹೋಗಿದ್ದಳು. ಹೆಂಡತಿ ಪುಟ್ಟಗೌರಿ ಬಾಗಿಲಲ್ಲೇ ಕೈಮುಗಿದು ನಿಂತಳು. ಅತ್ತು ಅತ್ತು ಮುಖ ಊದಿತ್ತು. "ಆಸ್ಪತ್ರೆಗ್ ಓಗಿ ಅಂದ್ರೆ ಸುಮ್ಕೆ ನಗ್ತಾರೆ ಕನಕ್ಕ. ಬಯ್ದಿದ್ರಾದ್ರೂ ತಡ್ಕಬೋದಾಗಿತ್ತು" ಎಂದಳು.

ಚೆಲುವರಾಜು ಒಳಗೆ ಎರಡು ದಿಂಬಿಗೆ ಒರಗಿ ಕೂತಿದ್ದ. ಪಾದ ಆಗಲೇ ಊದಿತ್ತು. ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತಿದ್ದ. ಆದರೂ ಅವಳನ್ನು ಕಂಡು ಮುಖ ಅರಳಿತು.

ಬಾ ಎನ್ನಬೇಕು, ಕೈಹಿಡಿದು ಎಳೆಯಬೇಕು ಎಂದುಕೊಂಡು ಬಂದಿದ್ದಳು. ಆ ಮುಖ ನೋಡಿದ ಮೇಲೆ ಅದು ನಡೆಯುವುದಿಲ್ಲವೆಂದು ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತು, ಅಂಗಡಿಯಲ್ಲಿ ಸಿ.ಡಿ. ವಾಪಸು ತಂದವರನ್ನು ಕೇಳುತ್ತಿದ್ದ ಹಾಗೆಯೇ ಕೇಳಿದಳು. "ಹೇಳು, ಹೇಗಿತ್ತು ಕಥೆ?"

ಅವನ ಕಣ್ಣು ಹೊಳೆಯಿತು. ಇಷ್ಟು ದಿನ ಅದನ್ನು ಹೇಳಲು ಅವನಿಗೂ ಯಾರೂ ಸಿಕ್ಕಿರಲಿಲ್ಲ. "ನಮ್ ತರದೋನೇ ಒಬ್ಬ ಮೆಕಾನಿಕ್ಕು ಅಕ್ಕ. ಅವ್ನಿಗೂ ಕಾಯ್ಲೆ. ಒಂದಿನ ಸಾಕು ಅಂತ ತೀರ್ಮಾನ ಮಾಡ್ತಾನೆ. ಸ್ಪ್ಯಾನರ್ ಪೆಟ್ಟಿಗೇನ ಎಂಡ್ರು ಕೈಗ್ ಕೊಟ್ಟು ಬೇವಿನ ಮರದ್ ಕೆಳ್ಗೆ ಕುಂತ್ಕತಾನೆ. ಅಂಗೇ ನಿದ್ದೆ ಓದಂಗೆ. ಆಮೇಲೆ ಅವ್ಳು ಶೆಡ್ ನಡೆಸ್ತಾಳೆ. ಮಗ್ಳು ದೊಡ್ಡ ಡಾಕ್ಟ್ರಾಯ್ತಾಳೆ. ಎಲ್ರೂ ಒಂದ್ ಫೋಟೋ ಮುಂದೆ ದೀಪ ಅಚ್ಚಿ ನಗ್ತಾ ನಿಂತ್ಕತಾರೆ. ಅಲ್ಲಿಗ್ ಮುಗೀತು."

"ಹೆಂಡತಿ ಅಳಲಿಲ್ವಾ?"

"ಅತ್ಲು."

"ಎಷ್ಟು ಹೊತ್ತು?"

ಚೆಲುವರಾಜು ಯೋಚಿಸಿದ. "ಒಂದ್ ಸೀನಷ್ಟೊತ್ತು. ಆಮೇಲೆ ಮ್ಯೂಜಿಕ್ ಬಂತು, ಸೀರೆ ಬೇರೆ ಆಗಿತ್ತು, ನಗ್ತಿದ್ಲು."

"ಮಗಳು? ಶಾಲೆಯಿಂದ ಬಂದು ಅಪ್ಪ ಎಲ್ಲಿ ಅಂತ ಕೇಳೋ ಸೀನು?"

"ಅದು... ಇರ್ನಿಲ್ಲ."

"ಅದೇ ಇಲ್ವಾ?" ಜಲಜಾಕ್ಷಿ ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿದಳು. "ಪುಟ್ಟಗೌರಿ, ನೀನು ಕೇಳಿದೆಯಲ್ಲ. ನಿನ್ನ ಅಭಿಪ್ರಾಯ ಏನು?"

ಪುಟ್ಟಗೌರಿ ಹೊಸ್ತಿಲು ದಾಟಿ ಒಳಗೆ ಬಂದಳು. ಆಮೇಲೆ ಕಟ್ಟೆಯೊಡೆದಂತಾಯಿತು. "ಯಾವಳ್ರೀ ಅವ್ಳು? ನಂಗ್ ಸ್ಪ್ಯಾನರ್ ಯಾವ್ದು ಸುತ್ಗೆ ಯಾವ್ದು ಗೊತ್ತಿಲ್ಲ, ಶೆಡ್ ನಡೆಸ್ತಾಳಂತೆ! ನೀವ್ ಓದ್ರೆ ನಾನ್ ಸೀರೆ ಬದಲಾಯ್ಸ್ಕಂಡು ನಗ್ತೀನಾ? ಮೊನ್ನೆ ಮಂಗಳವಾರದಿಂದ ಒಲೆ ಅಚ್ಚಿಲ್ಲ ಈ ಮನೇಲಿ, ನೋಡಿದ್ರಾ? ಮಗು ಶಾಲೇಲಿ ಪಾಠ ಕೇಳ್ದೆ ಅಳ್ತಾ ಕುಂತಿತ್ತು ಅಂತ ಮೇಡಮ್ಮು ಫೋನ್ ಮಾಡಿದ್ರು, ನೋಡಿದ್ರಾ? ಬರ್ದೋನ್ ಯಾವೋನೋ, ಅವ್ನ್ ಮನೆ ಆಳಾಗ!" ಎಂದವಳೇ ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತಳು. ಅದು ಒಂದು ಸೀನಿನಷ್ಟು ಹೊತ್ತಿಗೆ ನಿಲ್ಲುವ ಅಳುವಾಗಿರಲಿಲ್ಲ.

ಚೆಲುವರಾಜು ಹೆಂಡತಿಯನ್ನೇ ನೋಡುತ್ತಿದ್ದ. ಬಹಳ ದಿನದ ಮೇಲೆ ಅವನ ಮುಖದಿಂದ ಆ ನಗು ಹೋಯಿತು.

"ಅಂಗಾರೆ ನಾನ್ ನೋಡಿದ್ದು ಸುಳ್ಳಾ ಅಕ್ಕ?"

"ಕೆಟ್ಟ ಕಥೆ ಕಣೋ. ನಿನಗೆ ಕಷ್ಟ ಆಗಬಾರದು ಅಂತ ಕಷ್ಟದ ಸೀನೆಲ್ಲ ಕತ್ತರಿಸಿ ಹಾಕಿದೆ. ಜೊತೇಲಿ ನೋಡಿದ್ದಿದ್ರೆ ಕೆಂಪಾಜಮ್ಮ ಮೊದಲನೇ ಕಂತಿಗೇ ಕ್ಯಾಕರಿಸಿ ಉಗೀತಿದ್ಲು." ಜಲಜಾಕ್ಷಿ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ತಪ್ಪು ನಂದು. ನಾನು ನೋಡದೆ ಇರೋದನ್ನ ನಿನಗೆ ನೋಡು ಅಂದೆ. ಹದಿನೈದು ವರ್ಷ ಮಾಡದೆ ಇದ್ದ ಕೆಲಸ ಮಾಡ್ದೆ. ಕಾಯ್ದೆ ಪ್ರಕಾರ ಕಿಟಕಿ ನಿಂದು. ಒಂದು ವಾರ. ನಾನು ಬಾಗಿಲ ಹತ್ರದ ಹಾಸಿಗೆಗೆ ಹೋಗ್ತೀನಿ."

"ನಂಗ್ಯಾಕಕ್ಕ ಕಿಟ್ಕಿ..."

"ಬೇಡ ಅನ್ನೋಕೆ ನಿನಗೆ ಅಧಿಕಾರ ಇಲ್ಲ. ಐದು ಜನ ಸೇರಿ ಮಾಡಿದ ಕಾಯ್ದೆ. ಬಂದು ತಗೋಬೇಕು."

ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡಾನ ಬುಡಿ" ಎಂದ. ಪುಟ್ಟಗೌರಿ ಹತ್ತಿರ ಸರಿದು ಬಂದು ಅವನ ಊದಿದ ಪಾದದ ಮೇಲೆ ಕೈಯಿಟ್ಟಳು, ಅವನು ಕಾಲೆಳೆದುಕೊಳ್ಳಲಿಲ್ಲ. ಅಷ್ಟು ನೋಡಿಕೊಂಡು ಜಲಜಾಕ್ಷಿ ಎದ್ದಳು.

ಆ ಸಂಜೆ ಅವಳು ಬೀರು ತೆಗೆದು ಬೆರಳುದ್ದದ ಒಂದು ಡ್ರೈವ್ ಹುಡುಕಿದಳು. ಅಂಗಡಿ ಮುಚ್ಚುವಾಗ ಇದ್ದ ಸಿ.ಡಿ.ಗಳನ್ನೆಲ್ಲ ಅದಕ್ಕೆ ತುಂಬಿಸಿಟ್ಟಿದ್ದಳು. ಪಟ್ಟಿಯ ಕೊನೆಯಲ್ಲಿ 'ವಾಪಸು' ಎಂಬ ಹೆಸರಿನಲ್ಲಿ ಹದಿಮೂರು ಧಾರಾವಾಹಿಗಳಿದ್ದವು. ವ್ಯಾಪಾರದ ಮೊದಲ ವರ್ಷ ಗಿರಾಕಿಗಳು ಅರ್ಧ ನೋಡಿ ಮುಖಕ್ಕೆಸೆದು ಹೋಗಿದ್ದಂಥವು. ಜಲಜಾಕ್ಷಿ ಅವುಗಳ ಹೆಸರನ್ನು ಒಂದೊಂದಾಗಿ ಓದುತ್ತ ಕೂತಳು.

ಅಂಬುಜಾಕ್ಷಿ ಇಣುಕಿ ನೋಡಿದಳು. "ಅಯ್ಯೋ, 'ಹನ್ನೊಂದನೇ ಸೊಸೆ'! ಇದನ್ನ ಇನ್ನೂ ಇಟ್ಕೊಂಡಿದ್ದೀಯಾ? ಆ ಹಾವು ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಲ್ಲ, ಇದೇ ತಾನೆ?"

"ಇದೇ."

ಇಬ್ಬರಿಗೂ ನಗು ಬಂತು. ಅಂಬುಜಾಕ್ಷಿಯ ಪರದೆ ಆಚೆ ಕೋಣೆಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಅವಳು ಹೋಗಿ ಅದನ್ನು ಆರಿಸಿ ಬಂದು ಅಕ್ಕನ ಪಕ್ಕದಲ್ಲಿ ಕೂತಳು.

ಶನಿವಾರ ಏಳು ಗಂಟೆ. ಜಲಜಾಕ್ಷಿ ಬಾಗಿಲ ಬಳಿಯ ಹಾಸಿಗೆಯಲ್ಲಿ ಮಲಗಿದ್ದಳು. ನೆತ್ತಿಯ ಮೇಲೆಯೇ ಏಸಿ, ಹೊದ್ದುಕೊಂಡರೂ ಚಳಿ. ಇಂದುಧರ ಆ ದಿನದ ಮಟ್ಟಿಗೆ ಅಳತೆಯನ್ನು ಮಾತ್ರ ಉಳಿಸಿ ಐದೂ ಪುಟ್ಟ ಪರದೆಗಳ ಕಥೆಯನ್ನು ಆರಿಸಿ, ಗೋಡೆಯ ದೊಡ್ಡ ಪರದೆಯ ಧೂಳನ್ನು ತಾವೇ ಒರೆಸಿದ್ದರು. ಕಿಟಕಿ ಪಕ್ಕದ ಹಾಸಿಗೆಗೆ ನಸ್ರೀನ್ ಹೊಸ ಚಾದರ ಹಾಸಿದ್ದಳು. ಯಂತ್ರ ಸಿದ್ಧವಾಗಿ ಗುರುಗುಟ್ಟುತ್ತಿತ್ತು, ಮಲಗುವವನೇ ಇಲ್ಲ.

ಏಳೂ ಹತ್ತು. ಏಳೂ ಕಾಲು. ಮೇಷ್ಟ್ರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಕೆಂಪಾಜಮ್ಮ ತನ್ನ ದೇವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. "ಎಷ್ಟೊತ್ತು ಇಟ್ಕೊಂಡಿರ್ಲಿ ಆಂಟಿ? ಇನ್ನು ಹತ್ತು ನಿಮಿಷಕ್ಕೆ ಕಾಯ್ತಿರೋ ಬೇರೆಯೋರಿಗೆ ಕೊಡ್ಬೇಕು" ಎಂದಳು ನಸ್ರೀನ್. ಜಲಜಾಕ್ಷಿ ಬಾಗಿಲನ್ನೇ ನೋಡುತ್ತಿದ್ದಳು. ತನ್ನಿಂದ ಒಬ್ಬ ಮನುಷ್ಯ ಸಾಯುತ್ತಾನೆ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಏಳೂ ಇಪ್ಪತ್ತೆರಡಕ್ಕೆ ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಪುಟ್ಟಗೌರಿಯ ಹೆಗಲ ಮೇಲೆ ಕೈಹಾಕಿಕೊಂಡು ಚೆಲುವರಾಜು ಒಳಗೆ ಬಂದ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ನಾಲ್ಕೂವರೆ ಕೆ.ಜಿ. ನೀರು ಹೆಚ್ಚಿತ್ತು. ನಸ್ರೀನ್ ಬೈಯುತ್ತಲೇ ಅವನನ್ನು ಕಿಟಕಿಯ ಪಕ್ಕಕ್ಕೆ ಕರೆದೊಯ್ದಳು. ಅವನು ಮಲಗಿ ಹೊರಗೆ ನೋಡಿದ. ಕಬ್ಬು ಹೇರಿಕೊಂಡು ಎರಡು ಟ್ರ್ಯಾಕ್ಟರುಗಳು ಮೂಲೆ ತಿರುಗುತ್ತಿದ್ದವು.

"ಹಿಂದಿನ್ದು ನಾನೇ ಬಿಚ್ಚಿ ಜೋಡ್ಸಿದ್ದು" ಎಂದ. "ಸೈಲೆನ್ಸರ್ ಒಡ್ಕಂಡವ್ನೆ, ಬಡ್ಡೀಮಗ. ನಂಗ್ ಏಳ್ನೇ ಇಲ್ಲ."

ಜಲಜಾಕ್ಷಿ ಹೊದಿಕೆ ಮುಖದವರೆಗೆ ಎಳೆದುಕೊಂಡಳು. ಚಳಿಗೆ ಎಂದು ಎಲ್ಲರೂ ತಿಳಿದರು.

ಗೋಡೆಯ ಪರದೆಯಲ್ಲಿ 'ಹನ್ನೊಂದನೇ ಸೊಸೆ' ಶುರುವಾಯಿತು. ಮೊದಲ ಕಂತಿಗೇ ಮೇಷ್ಟ್ರು, "ಈ ಮನೇಲಿ ಹತ್ತು ಜನ ಸೊಸೇರು ಒಂದೇ ಅಡಿಗೆಮನೇಲಿ ಹೇಗಮ್ಮ ಅಡಿಗೆ ಮಾಡ್ತಾರೆ?" ಎಂದು ತಕರಾರು ತೆಗೆದರು. ಎರಡನೆಯದಕ್ಕೆ ಸತ್ತ ಮಾವ ಚಿತೆಯಿಂದ ಎದ್ದು ಬಂದ. "ನಾಡಿ ನೋಡ್ದೆ ಸುಡಾಕ್ ಓಯ್ತಾರಾ? ಯಾವೂರ್ ಡಾಕ್ಟ್ರು?" ಎಂದು ಕೆಂಪಾಜಮ್ಮ ಕಿರುಚಿದಳು. ಮೂರನೆಯದಕ್ಕೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪಕ್ಕದ ಕೋಣೆಯ ಫಲಕ ಕುಂಯ್ ಎಂದಿತು, ಇಂದುಧರ ಓಡಿ ಬಂದರು. ಎಲ್ಲರ ಒತ್ತಡವೂ ಹತ್ತು ಹನ್ನೆರಡು ಅಂಕ ಏರಿತ್ತು, ನೆಮ್ಮದಿ ನಲವತ್ತಕ್ಕೆ ಇಳಿದಿತ್ತು.

"ಏನಾಗ್ತಿದೆ ಇಲ್ಲಿ?"

"ಜಗಳ ಆಡ್ತಿದಾರೆ ಸರ್, ಅಷ್ಟೆ" ಎಂದಳು ನಸ್ರೀನ್. "ಒತ್ತಡ ಮಿತಿಯೊಳಗೇ ಇದೆ. ನೀವೂ ಕೂತ್ಕೊಳ್ಳಿ."

ಇಂದುಧರ ಸ್ಟೂಲ್ ಎಳೆದು ಕೂತರು. ಹಾವು ಸಾಕ್ಷಿ ಕಟ್ಟೆ ಹತ್ತಿದಾಗ ಅವರೂ ತಡೆಯಲಾರದೆ, "ಏನ್ರೀ ಇದು ಅಸಂಬದ್ಧ!" ಎಂದುಬಿಟ್ಟರು. ಐದು ಹಾಸಿಗೆಗಳಿಂದ ಹೋ ಎಂದು ನಗೆ ಎದ್ದಿತು.

ಹನ್ನೊಂದೂವರೆಗೆ ಸೂಜಿ ಬಿಚ್ಚುವಾಗ ಚೆಲುವರಾಜುವಿನ ಮುಖದ ಬಾವು ಇಳಿದಿತ್ತು, ಉಸಿರು ಸಲೀಸಾಗಿತ್ತು. ಅವನು ಬಾಗಿಲ ಕಡೆಗೆ ತಿರುಗಿ ಗಂಟಲು ಸರಿಮಾಡಿಕೊಂಡ. "ಥೂ! ಅಕ್ಕ, ಏನಕ್ಕ ಇದು? ನನ್ ಜೀವ್ಮಾನ್ದಲ್ ಇಂತಾ ದರಿದ್ರದ್ದು ನೋಡಿರ್ನಿಲ್ಲ. ನೀವಾ ಇದ್ನ ನೋಡಿ ಅಂದಿದ್ದು? ನಾನೊಪ್ಪಕ್ಕಿಲ್ಲ. ಮುಂದಿನ್ ವಾರಾನೂ ಕಿಟ್ಕಿ ನಂದೇ!"

"ಕಾಯ್ದೆ ಕಾಯ್ದೇನೇ" ಎಂದರು ಮೇಷ್ಟ್ರು. "ನಿನ್ನಷ್ಟು ಬೈದೋರು ಯಾರೂ ಇಲ್ಲ."

"ಮಂಗಳವಾರ ಆರೂ ಮುಕ್ಕಾಲ್ಗೇ ಬತ್ತೀನಿ. ಯಾರೂ ಮಲಗಂಗಿಲ್ಲ ಇಲ್ಲಿ" ಎಂದು ಚಾದರದ ಮೇಲೆ ಟವಲು ಹಾಸಿಟ್ಟು ಹೊರಟ ಚೆಲುವರಾಜು. ಪುಟ್ಟಗೌರಿ ಹಿಂದಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಹೋದಳು.

ನಸ್ರೀನ್ ಜಲಜಾಕ್ಷಿಯ ತೋಳಿನ ಬ್ಯಾಂಡೇಜು ಸರಿಮಾಡುತ್ತ ಬಗ್ಗಿ ಮೆಲ್ಲಗೆ ಕೇಳಿದಳು. "ಅದು ಹೇಗೆ ಆಂಟಿ? ನಿಮ್ಮ ಶಿಫಾರಸು ಒಂದು ಸಲಾನೂ ತಪ್ಪಿದ್ದಿಲ್ಲ. ಇಷ್ಟು ಕೆಟ್ಟದ್ದು ಎಲ್ಲಿ ಸಿಕ್ತು? ಇನ್ನು ಚಳೀಲಿ ನೀವೇ ಮಲಗ್ಬೇಕಲ್ಲ."

ಜಲಜಾಕ್ಷಿ ಕಿಟಕಿಯ ಕಡೆ ನೋಡಿದಳು. ಹೊರಗೆ ಚೆಲುವರಾಜು ಯಾರದೋ ಟ್ರ್ಯಾಕ್ಟರ್ ನಿಲ್ಲಿಸಿ ಸೈಲೆನ್ಸರಿಗೆ ಕೈಯಿಟ್ಟು ಬೈಯುತ್ತಿದ್ದ.

"ಒಂದು ಸ್ವೆಟರ್ ತಂದುಕೊಳ್ತೀನಿ ಬಿಡು" ಎಂದಳು. "ಇಂಥವು ನನ್ನ ಹತ್ರ ಇನ್ನೂ ಹನ್ನೆರಡಿವೆ."